ಮೋಡಕಾಡಿನಲ್ಲಿ ದಾರಿ ಮಾಡಿಕೊಟ್ಟವರಿಗೆ

ಕಳೆದ ತಿಂಗಳು ನನ್ನ ಪಿಎಚ್‌.ಡಿ. ಪ್ರಬಂಧ ಒಪ್ಪಿಗೆಯಾಯಿತು. ಅದರ ಮೊದಲಲ್ಲಿ ಕೃತಜ್ಞತೆಗೆಂದು ಒಂದೇ ಒಂದು ಪುಟ. ಮಾರ್ಗದರ್ಶಕರು, ಸಮಿತಿಯವರು, ದುಡ್ಡು ಕೊಟ್ಟವರು ಎಂದು ಬರೆಯುವಷ್ಟರಲ್ಲಿ ಅದು ತುಂಬಿಹೋಯಿತು. ಅದೂ ಇಂಗ್ಲಿಷಿನಲ್ಲಿ. ಶಿರಸಿ ಸೀಮೆಯ ನಮ್ಮ ಮನೆಯವರಾಗಲಿ, ನಾನು ಕಾಡಿನ ಫೋಟೊ ಹಾಕಿದಾಗಲೆಲ್ಲ "ಇದು ಯಾರ ಕಾಡು ಮಾರಾಯ್ತಿ?" ಎಂದು ಕೇಳುತ್ತಿದ್ದ ನೀವಾಗಲಿ ಅದನ್ನು ಓದುವ ಸಂಭವ ಇಲ್ಲ. ಹಾಗಾಗಿ ಉಳಿದವರ ಋಣವನ್ನು ಇಲ್ಲಿ ಬರೆದಿಡುತ್ತಿದ್ದೇನೆ. ತೀರುವಂಥದ್ದಲ್ಲ, ಲೆಕ್ಕಕ್ಕಾದರೂ ಸಿಗಲಿ.

"ಯಾರ ಕಾಡು" ಎಂಬ ಪ್ರಶ್ನೆಗೇ ಮೊದಲು ಉತ್ತರ ಹೇಳಬೇಕು, ಯಾಕೆಂದರೆ ನನ್ನ ಮೊದಲ ಕೃತಜ್ಞತೆ ಅಲ್ಲಿಗೇ ಸಲ್ಲಬೇಕು. ಕೋಸ್ಟರಿಕಾ ದೇಶದ ತಿಲರಾನ್ ಬೆಟ್ಟಸಾಲಿನ ನೆತ್ತಿಯಲ್ಲಿರುವ ಮೊಂಟೆವೆರ್ದೆ ಮೋಡಕಾಡು ಸರ್ಕಾರದ್ದಲ್ಲ, ಖಾಸಗಿ. ಅದರ ಕತೆ ಶುರುವಾಗುವುದು ಕಾಡಿನಿಂದ ಬಹು ದೂರ, ಅಮೆರಿಕದ ಅಲಬಾಮಾ ರಾಜ್ಯದ ಫೇರ್‌ಹೋಪ್ ಎಂಬ ಊರಿನಲ್ಲಿ. ಅಲ್ಲಿ ಕ್ವೇಕರರ ಒಂದು ಗುಂಪಿತ್ತು. ಕ್ರೈಸ್ತರಲ್ಲೇ ಒಂದು ಪಂಗಡ. ಯುದ್ಧಕ್ಕೆ ಹೋಗುವುದಿಲ್ಲ ಎಂಬ ವ್ರತದವರು. ಕಡ್ಡಾಯ ಸೈನ್ಯ ಸೇವೆಗೆ ಹೆಸರು ಬರೆಸಲು ಒಪ್ಪದ ಅವರ ನಾಲ್ವರು ಹುಡುಗರಿಗೆ 1949ರಲ್ಲಿ ಜೈಲಾಯಿತು. ಸೈನ್ಯವೇ ಇಲ್ಲದ ದೇಶ ಯಾವುದಿದೆ ಎಂದು ಹುಡುಕಿದಾಗ ಕಂಡದ್ದು 1948ರಲ್ಲಷ್ಟೇ ತನ್ನ ಸೈನ್ಯವನ್ನು ವಿಸರ್ಜಿಸಿದ್ದ ಕೋಸ್ಟರಿಕಾ. 1951ರಲ್ಲಿ ಕೆಲವು ಕುಟುಂಬಗಳು ಬಂದು ಈ ಬೆಟ್ಟದ ಮೇಲೆ ಸುಮಾರು 1,400 ಹೆಕ್ಟೇರ್ ಜಮೀನು ಕೊಂಡವು. ಹಸು ಕಟ್ಟಿದರು, ಹಾಲು ಕರೆದರು, ಚೀಸ್ ಮಾಡಿ ಮಾರಿದರು. ದನ ಮೇಯಲು ಕಾಡನ್ನೂ ಕಡಿದರು. ಅವರನ್ನು ಋಷಿಮುನಿಗಳನ್ನಾಗಿ ಮಾಡುವುದು ಬೇಡ. ಅವರಿಗಿಂತ ಮೊದಲೇ ಅಲ್ಲಿ ಬೇಸಾಯ ಮಾಡಿಕೊಂಡಿದ್ದ ಕೋಸ್ಟರಿಕಾದ ಕುಟುಂಬಗಳೂ ಇದ್ದವು. ಪ್ರವಾಸಿಗರಿಗೆ ಹೇಳುವ ಕತೆಯಲ್ಲಿ ಆ ಕುಟುಂಬಗಳು ಬಂದುಹೋಗುವುದು ಒಂದೇ ಸಾಲಿನಲ್ಲಿ, ಅದು ನನಗೆ ಸರಿಕಾಣುವುದಿಲ್ಲ.

ಆದರೆ ಒಂದು ಕೆಲಸವನ್ನು ಕ್ವೇಕರರು ಮೊದಲೇ ಮಾಡಿದ್ದರು. ಕೊಂಡ ಜಮೀನಿನ ಮೇಲ್ಭಾಗದ 554 ಹೆಕ್ಟೇರ್ ಕಾಡನ್ನು ಯಾರಿಗೂ ಹಂಚದೆ, ಕೊಡಲಿ ಹಾಕದೆ ಬಿಟ್ಟರು. ಹಕ್ಕಿ ಉಳಿಯಲಿ ಎಂದಲ್ಲ, ಭೂಮಿ ತಂಪಾಗಿರಲಿ ಎಂದೂ ಅಲ್ಲ. ಹಳ್ಳದ ನೀರು ಬತ್ತಬಾರದು, ಆ ನೀರಿನಿಂದ ಊರಿಗೆ ಸಿಗುವ ವಿದ್ಯುತ್ತು ನಿಲ್ಲಬಾರದು, ಇಷ್ಟೇ. ಈ ಸ್ವಾರ್ಥ ನನಗೆ ತುಂಬ ಹಿಡಿಸುತ್ತದೆ. ಅಡಿಕೆ ತೋಟದವರ ಮನೆಯಲ್ಲಿ ಹುಟ್ಟಿದವಳಿಗೆ ಅದು ಅರ್ಥವಾಗದೆ ಇರುತ್ತದೆಯೇ? ನಮ್ಮಲ್ಲೂ ಸೊಪ್ಪಿನ ಬೆಟ್ಟ ಉಳಿದದ್ದು ತೋಟಕ್ಕೆ ಗೊಬ್ಬರ ಬೇಕೆಂದು, ಕಾನು ಉಳಿದದ್ದು ಅದರ ಬುಡದಲ್ಲಿ ಒರತೆ ಇದೆಯೆಂದು. ಪ್ರಬಂಧಕ್ಕಾಗಿ ನಾನು ವರ್ಷಗಟ್ಟಲೆ ಪಾಚಿಯ ತೂಕ ನೋಡಿದ ಕೊಂಬೆಗಳು ಇವತ್ತು ನಿಂತಿರುವುದು ಅಂದು ನೀರಿನ ಚಿಂತೆ ಮಾಡಿದವರ ದೆಸೆಯಿಂದ. ಅವರಿಗೆ ನನ್ನ ಮೊದಲ ನಮಸ್ಕಾರ.

ಎರಡನೆಯದು ವಿಲ್ಫರ್ಡ್ ಗಿಂಡನ್ ಅವರಿಗೆ. ಊರವರ ಬಾಯಲ್ಲಿ 'ವುಲ್ಫ್'. ಜೈಲಿಗೆ ಹೋದ ಆ ನಾಲ್ವರಲ್ಲಿ ಇವರೊಬ್ಬರು. ಹೈನುಗಾರಿಕೆ ಮಾಡುತ್ತ, ಎಲ್ಲರ ಹಾಗೆ ಕಾಡು ಕಡಿದು ಹುಲ್ಲುಗಾವಲು ಮಾಡಿದವರು. ಹಕ್ಕಿಗಳನ್ನು ಅಧ್ಯಯನ ಮಾಡಲು ಬಂದ ಜಾರ್ಜ್ ಪವೆಲ್ ಮತ್ತು ಅವರ ಪತ್ನಿ ಹ್ಯಾರಿಯೆಟ್, ಬೆಟ್ಟದ ಮೇಲಿನ ಕಾಡು ತುಂಡುತುಂಡಾಗಿ ಕೈಬಿಟ್ಟು ಹೋಗುವುದನ್ನು ಕಂಡು, 1972ರಲ್ಲಿ ಟ್ರಾಪಿಕಲ್ ಸೈನ್ಸ್ ಸೆಂಟರ್ ಎಂಬ ಸಂಸ್ಥೆಯ ಹೆಸರಿನಲ್ಲಿ ಮೊಂಟೆವೆರ್ದೆ ರಕ್ಷಿತಾರಣ್ಯ ಕಟ್ಟಲು ಹೊರಟಾಗ ಅವರ ಜೊತೆ ನಿಂತವರು ಈ ವುಲ್ಫ್. ಆಮೇಲೆ ದಶಕಗಳ ಕಾಲ ಕಾಡಿನ ಕಾವಲು, ಮಚ್ಚು ಹಿಡಿದು ದಾರಿ ಬಿಡಿಸುವುದು, ಗಡಿಗುರುತು ಹಾಕುವುದು. ಕ್ವೇಕರರು ಬಿಟ್ಟಿದ್ದ ಹಳೆಯ ಕಾಡೂ ಇದೇ ಆಡಳಿತದ ಕೈಗೆ ಬಂತು. ಮುನ್ನೂರು ಚಿಲ್ಲರೆ ಹೆಕ್ಟೇರಿನಿಂದ ಶುರುವಾದದ್ದು ಇಂದು 4,000 ಹೆಕ್ಟೇರು ದಾಟಿದೆ. ವುಲ್ಫ್ ಈಗಿಲ್ಲ. ಅವರ ಹೆಸರಿನ ಒಂದು ದಾರಿ ಇದೆ, ಅದರಲ್ಲಿ ಮರದ ನೆತ್ತಿಯ ಮಟ್ಟಕ್ಕೆ ಒಂದು ತೂಗುಸೇತುವೆ. ನನ್ನ ಕೆಲಸವೆಲ್ಲ ಮರದ ನೆತ್ತಿಯದ್ದೇ ಆದ್ದರಿಂದ ಅದರ ಮೇಲೆ ನಿಂತು ಎಷ್ಟು ಹೊತ್ತು ಕಳೆದಿದ್ದೇನೋ.

ಆ ದಾರಿಗಳ ಬಗ್ಗೆ ಸ್ವಲ್ಪ ಹೇಳದೆ ಮುಂದೆ ಹೋಗಲಾರೆ. 'ಬೋಸ್ಕೆ ನುಬೋಸೊ' ಎಂಬ ದಾರಿ ಹಿಡಿದರೆ ಎರಡೂ ಕಡೆ ಕೊಂಬೆಗಳಿಗೆ ತೊಗಟೆ ಕಾಣದಷ್ಟು ಪಾಚಿ, ಪಾಚಿಯ ಮೇಲೆ ಜರಿಗಿಡ, ಅದರ ಮೇಲೆ ಸೀತಾಳೆ (ಆರ್ಕಿಡ್), ಅನಾನಸಿನ ನೆಂಟರಾದ ಬ್ರೊಮೆಲಿಯಾಡ್‌ಗಳ ಎಲೆಬಟ್ಟಲಲ್ಲಿ ನಿಂತ ನೀರು. ಮೊಂಟೆವೆರ್ದೆ ಸುತ್ತಮುತ್ತ ದಾಖಲಾದ ಸೀತಾಳೆಯ ಜಾತಿಗಳೇ 500ಕ್ಕೂ ಹೆಚ್ಚು. ಕೆಲವು ಹೂವು ಎಷ್ಟು ಸಣ್ಣವೆಂದರೆ ಗೈಡ್ ಭೂತಗನ್ನಡಿ ಕೊಟ್ಟ ಮೇಲೆಯೇ "ಹೋ!" ಎನ್ನುವುದು. ದಾರಿ ಏರುತ್ತ ಹೋಗಿ 'ಲಾ ವೆಂತಾನಾ' ಎಂಬ ನೋಟತಾಣ ಮುಟ್ಟುತ್ತದೆ. ಅದು ಜಲವಿಭಾಜಕದ ಏಣು. ಒಂದು ಬದಿಗೆ ಬಿದ್ದ ಹನಿ ಪೆಸಿಫಿಕ್ಕಿಗೆ, ಇನ್ನೊಂದು ಬದಿಯದ್ದು ಕೆರಿಬಿಯನ್ ಸಮುದ್ರಕ್ಕೆ. ಅಲ್ಲಿ ಗಾಳಿಯ ಹೊಡೆತಕ್ಕೆ ಮರಗಳು ಕುಳ್ಳಾಗಿ ಸೊಟ್ಟಾಗಿವೆ. ಕಣಿವೆ ನೋಡಲೆಂದು ಹತ್ತಿ ಬಂದವರಿಗೆ ಹೆಚ್ಚಿನ ದಿನ ಕಾಣುವುದು ಬಿಳಿ ಮೋಡ ಮಾತ್ರ. ಬೈದುಕೊಂಡು ಇಳಿಯುವವರನ್ನು ಬಹಳ ಕಂಡಿದ್ದೇನೆ. ಆ ಮೋಡವೇ ಅಲ್ಲಿ ನೋಡಬೇಕಾದದ್ದು. ಕೆರಿಬಿಯನ್ ಕಡೆಯಿಂದ ಬೀಸುವ ವಾಣಿಜ್ಯ ಮಾರುತ ತೇವ ಹೊತ್ತು ತಂದು, ಬೆಟ್ಟಕ್ಕೆ ಅಡರಿ ಮೇಲೇರಿ, ತಣಿದು, ಕಾಡಿನೊಳಗೇ ಅಡ್ಡಡ್ಡ ಹಾಯುತ್ತದೆ. ಮಳೆಯಾಗಿ ಬೀಳದ ಈ ನೀರನ್ನು ಪಾಚಿ, ಎಲೆ, ಬಿಳಲು ಹಿಡಿದುಕೊಂಡು ತೊಟ್ಟಿಕ್ಕಿಸುತ್ತವೆ. ಮಳೆಮಾಪಕದ ಲೆಕ್ಕಕ್ಕೆ ಸರಿಯಾಗಿ ಸಿಗದ ಆ ನೀರೇ ನನ್ನ ಪ್ರಬಂಧದ ವಿಷಯ.

ವಾಪಸ್ಸು ಬರಲು 'ಎಲ್ ಕಾಮಿನೊ'. ಅಗಲವಾದ ದಾರಿ, ನಾಲ್ಕು ಬಿಸಿಲ ಕಿರಣ ಬೀಳುತ್ತವೆ, ಆದ್ದರಿಂದ ಚಿಟ್ಟೆ ಹಕ್ಕಿ ಜಾಸ್ತಿ. ಇಂಬಳ ಹತ್ತುವುದಿಲ್ಲ ಎಂದು ಹೇಳಿದರೆ ನಮ್ಮೂರಲ್ಲಿ ಯಾರೂ ನಂಬಲಿಲ್ಲ. "ಇಂಬಳ ಇಲ್ಲದ್ದು ಎಂಥಾ ಮಳೆಕಾಡು" ಎಂದು ಅಪ್ಪಯ್ಯ ಈಗಲೂ ಅನುಮಾನ ಪಡುತ್ತಾರೆ.

ಈ ದಾರಿಗಳು ತಾವಾಗಿ ಇರುವುದಿಲ್ಲ. ಅಂಥ ತೇವದಲ್ಲಿ ಮರದ ಮೆಟ್ಟಿಲು ಬೇಗ ಕೊಳೆಯುತ್ತದೆ, ಬೇರು ಎದ್ದು ಬರುತ್ತದೆ, ಮರ ಉರುಳುತ್ತದೆ, ಧರೆ ಕುಸಿಯುತ್ತದೆ. ಜಾರಬಾರದೆಂದು ಹಲಗೆಯ ಮೇಲೆ ತಂತಿಬಲೆ ಹೊಡೆದವರು, ಚರಂಡಿ ಬಿಡಿಸಿದವರು, ಬೆನ್ನ ಮೇಲೆ ಮರಳು ಹೊತ್ತವರು ಇವರ ಹೆಸರು ಯಾವ ಸಂಶೋಧನಾ ಲೇಖನದಲ್ಲೂ ಬರುವುದಿಲ್ಲ. ನನ್ನ ಉಪಕರಣದ ಪೆಟ್ಟಿಗೆ ಹೊತ್ತದ್ದೂ ಅವರೇ. "ಇವಳ ಪಾಚಿಗೆ ಚಿನ್ನದ ರೇಟು ಬಂದಿದೆಯೇನೋ" ಎಂದು ನಗುತ್ತಲೇ, ಒಂದು ಕೊಂಬೆಗೂ ಕತ್ತಿ ತಾಗದಂತೆ ನನ್ನ ಮರಗಳ ಸುತ್ತ ಸವರುತ್ತಿದ್ದರು. ನಿಮ್ಮ ಹೆಸರು ಹಾಕುವುದು ಬೇಡ ಎಂದಿರಿ, ಹಾಕಿಲ್ಲ. ಯಾರಿಗೆ ಹೇಳುತ್ತಿದ್ದೇನೆಂದು ನಿಮಗೆ ಗೊತ್ತು.

ಇನ್ನೊಂದು ಋಣ ಬದುಕಿರುವವರದ್ದಲ್ಲ. ಮೊಂಟೆವೆರ್ದೆಯ ಏಣಿನ ಕೆಲವೇ ಚದರ ಕಿಲೋಮೀಟರಿನಲ್ಲಿ, ಜಗತ್ತಿನ ಬೇರೆಲ್ಲೂ ಇರದ, ಒಂದು ಬಂಗಾರದ ಕಪ್ಪೆ ಇತ್ತು. ಗಂಡು ಕಪ್ಪೆಗಳಿಗೆ ಕೇಸರಿ ಬಳಿದಂಥ ಮೈ. ವರ್ಷದ ಬಹುಕಾಲ ನೆಲದೊಳಗಿದ್ದು, ಮಳೆ ಶುರುವಾಗುವಾಗ ಕೆಲವೇ ದಿನ ಬೇರಿನ ಬುಡದ ಹೊಂಡಗಳಿಗೆ ಬಂದು ಮೊಟ್ಟೆಯಿಡುತ್ತಿತ್ತು. 1987ರಲ್ಲಿ ಮಾರ್ಥಾ ಕ್ರಂಪ್ ಎಂಬ ವಿಜ್ಞಾನಿ 1,500ಕ್ಕೂ ಹೆಚ್ಚು ಕಪ್ಪೆಗಳನ್ನು ಕಂಡರು. ಮರುವರ್ಷ ಕಂಡವು ಬೆರಳೆಣಿಕೆಯಷ್ಟು, 1989ರಲ್ಲಿ ಒಂದೇ ಒಂದು. ಆಮೇಲೆ ಯಾರಿಗೂ ಕಾಣಲಿಲ್ಲ. ಎಲ್ ನಿನ್ಯೋ ತಂದ ಒಣಗಾಲವೋ, ಕಪ್ಪೆಯ ಚರ್ಮಕ್ಕೆ ಹತ್ತುವ ಶಿಲೀಂಧ್ರವೋ, ಮೋಡದ ಬುಡವೇ ಮೇಲಕ್ಕೆ ಸರಿಯುತ್ತಿದೆಯೋ ಎಂಬ ವಾದ ಇನ್ನೂ ನಡೆದಿದೆ. ಅಲ್ಲೇ ನೆಲೆಸಿ ಕೆಲಸ ಮಾಡಿದ ಅಲನ್ ಪೌಂಡ್ಸ್ ಮತ್ತು ಜೊತೆಗಾರರು ಬೇಸಗೆಯಲ್ಲಿ ಮಂಜಿಲ್ಲದ ದಿನಗಳು ಹೆಚ್ಚುತ್ತಿವೆ ಎಂದು 1999ರಲ್ಲಿ ತೋರಿಸಿದರು. ಬೇಲಿ ಹಾಕಿ, ಕಾವಲಿಟ್ಟು, ಒಂದು ಮರವೂ ಕಡಿಯದೆ ಕಾಪಾಡಿದ ಕಾಡಿನೊಳಗೇ ಒಂದು ಜೀವಿ ಇಲ್ಲವಾಯಿತಲ್ಲ! ನಾನು ಮಂಜಿನ ನೀರಿನ ಲೆಕ್ಕಕ್ಕೆ ಕೂತದ್ದೇ ಆ ಕಪ್ಪೆಯ ಕತೆ ಓದಿದ ಮೇಲೆ. ಅದಕ್ಕೆ ಥ್ಯಾಂಕ್ಸ್ ಹೇಳುವುದು ವಿಚಿತ್ರವಾಗಿ ಕೇಳಿಸುತ್ತದೆ, ಆದರೆ ಹೇಳದೆ ಬಿಡುವುದು ಅದಕ್ಕಿಂತ ವಿಚಿತ್ರ.

ಇದೇ ಕಾಡಿನ ಮರಗಳನ್ನು ಹಗ್ಗ ಕಟ್ಟಿ ಹತ್ತಿ, ಕೊಂಬೆಯ ಮೇಲೂ ಮಣ್ಣಿದೆ, ಅಲ್ಲೂ ಒಂದು ಲೋಕವಿದೆ ಎಂದು ಬಗೆದು ತೋರಿಸಿದವರು ನಳಿನಿ ನಾಡಕರ್ಣಿ. ಅಮೆರಿಕದಲ್ಲಿ ಹುಟ್ಟಿ ಬೆಳೆದವರು, ತಂದೆ ಭಾರತೀಯರು. ಕಾರವಾರ ಕುಮಟೆಯ ಕಡೆ ಕೇಳಿ ಗೊತ್ತಿರುವ ಅಡ್ಡಹೆಸರು ಮೋಡಕಾಡಿನ ಪ್ರತಿ ಪಾಠದಲ್ಲೂ ಎದುರಾದಾಗ ಸುಮ್ಮನೆ ಒಂದು ಧೈರ್ಯ ಬರುತ್ತಿತ್ತು. ಸೀರೆ ಉಟ್ಟ ಆಯಿಯ ಮಗಳು ಮರ ಹತ್ತುವ ಕೆಲಸಕ್ಕೆ ಇಷ್ಟು ದೂರ ಹೋಗಬೇಕಾ ಎಂದವರಿಗೆ ಆ ಹೆಸರನ್ನೇ ಉತ್ತರವಾಗಿ ಕೊಟ್ಟಿದ್ದೇನೆ.

ಪಕ್ಕದ 'ಮಕ್ಕಳ ಶಾಶ್ವತ ಕಾಡಿಗೂ' ನಾನು ಋಣಿ. 1987ರಲ್ಲಿ ಸ್ವೀಡನ್ನಿನ ಒಂದು ಪುಟ್ಟ ಹಳ್ಳಿ ಶಾಲೆಯಲ್ಲಿ ಏಹಾ ಕೆರ್ನ್ ಎಂಬ ಶಿಕ್ಷಕಿಯ ತರಗತಿಗೆ ಶರನ್ ಕಿನ್ಸ್‌ಮನ್ ಎಂಬ ಜೀವವಿಜ್ಞಾನಿ ಬಂದು ಮೊಂಟೆವೆರ್ದೆಯ ಚಿತ್ರ ತೋರಿಸಿದರು. ಕಾಡು ಕೊಳ್ಳಲು ಮಕ್ಕಳು ದುಡ್ಡು ಕೂಡಿಸತೊಡಗಿದರು. ಅದು ಹಬ್ಬಿ 44 ದೇಶಗಳ ಮಕ್ಕಳು ಸೇರಿದರು. 1986ರಲ್ಲಿ ಹುಟ್ಟಿದ್ದ ಮೊಂಟೆವೆರ್ದೆ ಕನ್ಸರ್ವೇಶನ್ ಲೀಗ್ ಆ ದುಡ್ಡಿನಿಂದ ಜಮೀನು ಕೊಳ್ಳುತ್ತ ಹೋಗಿ, ಇಂದು ಅದು 22,000 ಹೆಕ್ಟೇರಿಗೂ ದೊಡ್ಡದು. ಕೋಸ್ಟರಿಕಾದ ಅತಿ ದೊಡ್ಡ ಖಾಸಗಿ ರಕ್ಷಿತಾರಣ್ಯ. ಅದರ 'ಬಾಹೋ ದೆಲ್ ತಿಗ್ರೆ' ದಾರಿ ಊರಿಗೆ ಹತ್ತಿರ, ಬೆಟ್ಟದ ನೆತ್ತಿಗಿಂತ ಕೆಳಗೆ, ಒಣ ಹವೆ. ಕೆಟ್ಸಾಲ್ ಹಕ್ಕಿಗೆ ರೇಡಿಯೊ ಕಟ್ಟಿ ಜಾರ್ಜ್ ಪವೆಲ್ ಹಿಂಬಾಲಿಸಿದಾಗ ತಿಳಿದದ್ದೂ ಇದೇ: ಮರಿ ಮಾಡಿದ ಮೇಲೆ ಹಕ್ಕಿ ಹಣ್ಣು ಹುಡುಕಿಕೊಂಡು ರಕ್ಷಿತಾರಣ್ಯದ ಗಡಿ ದಾಟಿ ಇಳಿಜಾರಿನ ತುಂಡುಕಾಡುಗಳಿಗೆ ಹೋಗುತ್ತದೆ. ಮೇಲಿನದ್ದನ್ನಷ್ಟೇ ಕಾದರೆ ಸಾಲದು. ತಮ್ಮ ಹುಲ್ಲುಗಾವಲಿನ ಅಂಚಿಗೆ ಗಾಳಿತಡೆಯ ಮರಸಾಲು ನೆಟ್ಟು, ಆ ಹಕ್ಕಿಗಳಿಗೆ ದಾರಿ ಉಳಿಸಿದ ಹೈನುಗಾರರಿಗೂ ನನ್ನ ವಂದನೆ.

ಇನ್ನು 2020. ಮಾರ್ಚಿನಲ್ಲಿ ಕೋಸ್ಟರಿಕಾ ಗಡಿ ಮುಚ್ಚಿತು, ನಾನು ಒಳಗೇ ಉಳಿದೆ. ಪ್ರವಾಸಿಗರಿಂದಲೇ ಒಲೆ ಉರಿಯುವ ಊರು ಒಂದೇ ವಾರದಲ್ಲಿ ಖಾಲಿ. ಖಾಸಗಿ ಕಾಡಿನ ಮರ್ಮ ನನಗೆ ಆಗ ತಿಳಿಯಿತು. ಕಾವಲುಗಾರನ ಸಂಬಳಕ್ಕೆ ಬಹುಮಟ್ಟಿಗೆ ಟಿಕೆಟ್ಟಿನ ದುಡ್ಡೇ ಆಧಾರ. ದೇಶದ 1996ರ ಅರಣ್ಯ ಕಾಯ್ದೆಯಂತೆ, ಇಂಧನದ ಮೇಲಿನ ತೆರಿಗೆಯಿಂದ, ಕಾಡು ಉಳಿಸಿಕೊಂಡ ಜಮೀನುದಾರರಿಗೆ ಒಂದಿಷ್ಟು ಹಣ ಸಲ್ಲುವ ವ್ಯವಸ್ಥೆ ಇದೆ, ಒಳ್ಳೆಯ ವ್ಯವಸ್ಥೆ. ಆದರೆ ಗೇಟು ಮುಚ್ಚಿದ ಮೇಲೆ ಅದೊಂದರಿಂದ ಮನೆ ನಡೆಯುವುದಿಲ್ಲ. ಖಾಸಗಿಯವರೇ ಕಾಡು ಚೆನ್ನಾಗಿ ಕಾಯುತ್ತಾರೆ ಎಂದು ಭಾಷಣ ಮಾಡುವವರು ಆ ತಿಂಗಳುಗಳನ್ನು ನೋಡಬೇಕಿತ್ತು. ನಾನು ಬಲ್ಲ ಕಾವಲಿನವರು ಆಗಲೂ ನಸುಕಿನಲ್ಲೇ ಬೂಟು ಹಾಕಿಕೊಂಡು ಮೇಲೆ ಹೋಗುತ್ತಿದ್ದರು. ಗೈಡುಗಳು ಹಿತ್ತಿಲಲ್ಲಿ ತರಕಾರಿ ಹಾಕಿ ಬೇಲಿಯ ಮೇಲಿಂದ ಹಂಚಿಕೊಂಡರು.

ನನ್ನ ಸಂಶೋಧನಾ ವೇತನವೂ ಅದೇ ಹೊತ್ತಿಗೆ ನಿಂತುಹೋಗಿತ್ತು. ಬಾಡಿಗೆಯ ಮಾತೆತ್ತಿದಾಗ ಮನೆಯೊಡತಿ ದೋನ್ಯಾ "ಗಡಿ ತೆರೆದ ಮೇಲೆ ನೋಡೋಣ ಮಗಳೇ, ಈಗ ಕೂತು ಉಣ್ಣು" ಎಂದವರು ಮತ್ತೆ ಆ ಮಾತು ಆಡಲೇ ಇಲ್ಲ. ಸಂಜೆ ಅವರು ಕೊಡುತ್ತಿದ್ದ ಬಿಸಿ 'ಆಗ್ವಾ ದುಲ್ಸೆ' ಅಂದರೆ ನಮ್ಮ ಬೆಲ್ಲದ ನೀರೇ, ಅಚ್ಚುಬೆಲ್ಲ ಕರಗಿಸಿದ್ದು. ಅವರ ಹಿತ್ತಿಲ ಚಪ್ಪರದಲ್ಲಿ ಸೀಮೆಬದನೆ. ಆ ಬಳ್ಳಿಯ ತವರು ಮಧ್ಯ ಅಮೆರಿಕವೇ ಎಂದು ಗೊತ್ತಿದ್ದರೂ, ಕಾಯಿತುರಿ ಸಾಸಿವೆ ಹಾಕಿದ ಪಲ್ಯ ಮಾಡಿ ಬಡಿಸಿದಾಗ ಅವರ ಮುಂದೆ ಅದು ನಮ್ಮದೇ ಎಂಬಂತೆ ಮೆರೆದೆ. ದೋನ್ಯಾ, ನಿಮಗೆ ಕನ್ನಡ ಬಾರದು. ಫೋನಿನಲ್ಲಿ ಇದನ್ನು ಓದಿ ಹೇಳುತ್ತೇನೆ, ಅಳಬಾರದು.

ಆಯಿ, ಅಪ್ಪಯ್ಯ, ನಿಮಗೆ ಊರಲ್ಲಿ ಮುಖತಃ ಹೇಳುತ್ತೇನೆ. ಇಲ್ಲಿ ಬರೆದರೆ "ಊರಿಗೆಲ್ಲ ಸಾರಬೇಕಾಗಿತ್ತಾ" ಎನ್ನುತ್ತೀರಿ.

ಮೊಂಟೆವೆರ್ದೆಗೆ ಹೋಗಬೇಕೆಂದು ಕೇಳಿದವರಿಗೆ: ಕೆಟ್ಸಾಲ್ ನೋಡಬೇಕಾದರೆ ಮಾರ್ಚಿನಿಂದ ಜೂನ್ ಒಳಗೆ ಹೋಗಿ, ಬೆಳಿಗ್ಗೆ ಗೇಟು ತೆರೆಯುವಾಗಲೇ ಅಲ್ಲಿರಿ, ಊರಿನ ಗೈಡನ್ನೇ ಕರೆದುಕೊಳ್ಳಿ. ಟಿಕೆಟ್ ದುಬಾರಿ ಎಂದು ಗೊಣಗಬೇಡಿ, ಅದು ಎಲ್ಲಿಗೆ ಹೋಗುತ್ತದೆಂದು ಮೇಲೆ ಹೇಳಿದ್ದೇನೆ. ಜರ್ಕಿನ್ ಮರೆಯಬೇಡಿ.

ಅಷ್ಟರಲ್ಲಿ ಒಬ್ಬರನ್ನು ಬಿಟ್ಟೇಬಿಡುತ್ತಿದ್ದೆ. ಸಾಂತಾ ಎಲೆನಾ ಊರಿನಿಂದ ಬೆಟ್ಟ ಹತ್ತುವ ಬೆಳಗಿನ ಬಸ್ಸಿನ ಡ್ರೈವರ್. ನನ್ನ ಒದ್ದೆ ಚೀಲಗಳಿಗೆ ತಮ್ಮ ಹಿಂದಿನ ಸೀಟನ್ನೇ ಕಾದಿರಿಸಿ, ತಡವಾದ ದಿನ ಹಾರ್ನ್ ಹೊಡೆದು ಎಬ್ಬಿಸಿ ಕರೆದೊಯ್ದದ್ದಕ್ಕೆ ಮೂಚಾಸ್ ಗ್ರಾಸಿಯಾಸ್, ಸೆನ್ಯೋರ್.