ಡೋರ್ ಪ್ಯಾಡ್ ರಿಪೇರಿಗೆ ಇನ್ನು ಮುಂದೆ ಒಂದು ಪೂರ್ತಿ ದಿನ

ಆತ್ಮೀಯ ಗ್ರಾಹಕರೇ,

ಬರುವ ತಿಂಗಳ ಒಂದನೇ ತಾರೀಖಿನಿಂದ ಡೋರ್ ಪ್ಯಾಡ್, ಅಂದರೆ ಕಾರಿನ ಬಾಗಿಲಿನ ಒಳಬದಿಯ ಹೊದಿಕೆಯ ಕೆಲಸವನ್ನು ನೀವು ಕಾಯುತ್ತಿರುವಾಗಲೇ ಮುಗಿಸಿಕೊಡಲು ಆಗುವುದಿಲ್ಲ. ಬಟ್ಟೆ ಅಥವಾ ರೆಕ್ಸಿನ್ ಎದ್ದಿದ್ದರೆ ಗಾಡಿ ಮರುದಿನ ಅದೇ ಹೊತ್ತಿಗೆ ಸಿಗುತ್ತದೆ. ಪ್ಯಾಡ್ ಸಡಿಲವಾಗಿದ್ದರೆ ಅದನ್ನು ಬಾಗಿಲಿಗೆ ಹಿಡಿದಿಡುವ ಕ್ಲಿಪ್‌ಗಳನ್ನೆಲ್ಲ ಬದಲಾಯಿಸುತ್ತೇವೆ, ಅದರ ಹಣವನ್ನು ಬಿಲ್ಲಿನಲ್ಲಿ ಬೇರೆಯಾಗಿ ತೋರಿಸುತ್ತೇವೆ. ಒಂದು ದಿನ ಗಾಡಿಯಿಲ್ಲದೆ ನಿಮಗಾಗುವ ತೊಂದರೆಗೆ ಕ್ಷಮೆ ಇರಲಿ. ಆದರೆ ಅವಸರದಲ್ಲಿ ಒತ್ತಿ ಕಳಿಸುವ ಕೆಲಸ ನಮಗೆ ಒಗ್ಗದು.

“ಒಂದು ಮೂಲೆ ತಾನೇ ಬಿಟ್ಟಿರೋದು, ಅಷ್ಟಕ್ಕೆ ಇಡೀ ಪ್ಯಾಡ್ ಬಿಚ್ಚಿ ಬಿಲ್ ಏರಿಸ್ತೀರಾ?” ಈ ಮಾತನ್ನು ಕೇಳಿ ಕೇಳಿ ನಮಗೂ ಬೇಸರವಾಗಿದೆ. ಮೂಲೆ ಬಿಡಲು ಕಾರಣ ಎರಡು: ಕ್ಲಿಪ್ ಹೋಗಿರಬೇಕು, ಇಲ್ಲವೇ ಪ್ಯಾಡಿನ ಹಿಂಬದಿಯಲ್ಲಿ ಕ್ಲಿಪ್ ಕೂರುವ ಗೂಡು ಸೀಳಿರಬೇಕು. ಹೊರಗಿನಿಂದ ನೋಡಿದರೆ ಎರಡೂ ಒಂದೇ. ಗೂಡು ಸೀಳಿದ್ದಾಗ ಅಂಗೈಯಿಂದ ಗುದ್ದಿದರೆ ‘ಟಕ್’ ಎಂದು ಕೂತಂತೆ ಕಾಣುತ್ತದೆ, ಬಾಗಿಲನ್ನು ನಾಲ್ಕು ಸಲ ಜೋರಾಗಿ ಹಾಕಿದರೆ ಮತ್ತೆ ಎದ್ದು ಬರುತ್ತದೆ. ಅಷ್ಟರಲ್ಲಿ ಪಕ್ಕದ ಕ್ಲಿಪ್‌ಗಳ ಮೇಲೆ ಭಾರ ಬಿದ್ದು ಅವೂ ಸಾಲಾಗಿ ಬಿಡುತ್ತವೆ. ಸೀಳಿದ ಗೂಡನ್ನು ಉಜ್ಜಿ, ಎಪಾಕ್ಸಿ ಅಂಟು ತುಂಬಿ, ಅದು ಗಟ್ಟಿಯಾದ ಮೇಲೆಯೇ ಪ್ಯಾಡ್ ಕೂರಿಸಬೇಕು.

ಬಾಗಿಲೊಂದಕ್ಕೆ ಸಾಮಾನ್ಯವಾಗಿ 8ರಿಂದ 12 ಕ್ಲಿಪ್ ಇರುತ್ತವೆ. ಬಿಸಿಲಿಗೆ ಒಣಗಿದ ಹಳೆ ಕ್ಲಿಪ್‌ಗಳಲ್ಲಿ ಕೆಲವು ಎಳೆಯುವಾಗಲೇ ಮುರಿಯುತ್ತವೆ. ಮುರಿಯದೆ ಉಳಿದವುಗಳ ಕಾಲು ಒಳಕ್ಕೆ ಮಡಚಿ ಹಿಡಿತ ಹೋಗಿರುತ್ತದೆ, ಆಮೇಲೆ ಗಡಗಡ ಸದ್ದು ಶುರು. ಅಳತೆ ತುಸು ಹೆಚ್ಚುಕಡಿಮೆಯಾದರೂ ಪ್ಯಾಡ್ ಮತ್ತು ಬಾಗಿಲಿನ ನಡುವೆ ಸಂದು ಉಳಿಯುತ್ತದೆ. ಹಾಗಾಗಿ ಸಿಕ್ಕಿದ ಕ್ಲಿಪ್ ತುರುಕುವುದಿಲ್ಲ.

ಬಿಚ್ಚುವುದೂ ಸುಮ್ಮನೆ ಎಳೆಯುವ ಕೆಲಸವಲ್ಲ. ಹ್ಯಾಂಡಲ್ ಹಿಂದೆ, ಕೈ ಹಿಡಿಯುವ ಗುಂಡಿಯೊಳಗೆ ಮುಚ್ಚಳದ ಕೆಳಗೆ ಸ್ಕ್ರೂ ಅಡಗಿರುತ್ತವೆ. ಅದೊಂದು ತಪ್ಪಿದರೆ ಪ್ಯಾಡೇ ಬಿರುಕು ಬಿಡುತ್ತದೆ. ಏರ್‌ಬ್ಯಾಗ್ ಸೆನ್ಸರ್ ಬಾಗಿಲಲ್ಲೇ ಇರುವ ಗಾಡಿಗಳಲ್ಲಿ ಬ್ಯಾಟರಿ ತಂತಿ ತೆಗೆದು ಕೆಲವು ನಿಮಿಷ ಕಾದ ಮೇಲೆಯೇ ಕೈ ಹಾಕುತ್ತೇವೆ. ಪ್ಯಾಡಿನ ಹಿಂದೆ ನೀರು ತಡೆಯುವ ಪ್ಲಾಸ್ಟಿಕ್ ಹಾಳೆ ಹರಿದಿದ್ದರೆ ಅಥವಾ ಅಂಚಿನ ಬ್ಯೂಟೈಲ್ ಅಂಟು ಬಿಟ್ಟಿದ್ದರೆ, ಗಾಜಿನ ಸಂದಿಯಿಂದ ಇಳಿದ ಮಳೆನೀರು ಕೆಳಗಿನ ತೂತುಗಳಿಂದ ಹೊರಹೋಗುವ ಬದಲು ಕಾರ್ಪೆಟ್ಟಿಗೆ ಬರುತ್ತದೆ. ಆ ಬ್ಯೂಟೈಲ್ ಟೇಪಿನ ಖರ್ಚನ್ನು ಇಲ್ಲಿಯವರೆಗೂ ನಾವೇ ಹೊತ್ತಿದ್ದೇವೆ, ಮುಂದೆಯೂ ಹೊರುತ್ತೇವೆ. ದುಬಾರಿ ಎಂದು ಬೈಯುವ ಮುನ್ನ ಇದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಅಂಟಿನ ಕೆಲಸಕ್ಕೆ ದಿನ ಹಿಡಿಯುವುದೇಕೆಂದರೆ, ಬಟ್ಟೆಯ ಹಿಂದಿನ ಹಳೆ ಫೋಮ್ ಪುಡಿಯಾಗಿರುತ್ತದೆ. ಅದನ್ನು ಬ್ರಷ್ಷಿನಿಂದ ಪೂರ್ತಿ ಕೆರೆದು ತೆಗೆಯದಿದ್ದರೆ ಅಂಟು ಪುಡಿಯನ್ನು ಹಿಡಿಯುತ್ತದೆಯೇ ಹೊರತು ಪ್ಯಾಡನ್ನಲ್ಲ. ಶಾಖ ತಡೆಯುವ ಅಂಟನ್ನು ಎರಡೂ ಬದಿಗೆ ಹಚ್ಚಿ, ಬೆರಳಿಗೆ ಜಿಗಿ ಸಿಗುವಷ್ಟು ಆರಿದ ಮೇಲೆ ನಡುವಿನಿಂದ ಅಂಚಿಗೆ ಒತ್ತಬೇಕು. ಅದು ಪೂರ್ತಿ ಬಿಗಿಯಲು ಸುಮಾರು 24 ಗಂಟೆ ಬೇಕು. ಅದಕ್ಕೂ ಮೊದಲೇ ಗಾಡಿಯನ್ನು ಬಿಸಿಲಲ್ಲಿ ಮುಚ್ಚಿ ನಿಲ್ಲಿಸಿದರೆ ಅಂಚು ಮತ್ತೆ ಸುರುಳಿಯಾಗುತ್ತದೆ.

ಮನೆಯಲ್ಲಿ ಇನ್‌ಸ್ಟಂಟ್ ಗ್ಲೂ ಮಾತ್ರ ದಯವಿಟ್ಟು ಹಾಕಬೇಡಿ. ಬಟ್ಟೆ ಕಲ್ಲಾಗುತ್ತದೆ, ಸುತ್ತ ಬೆಳ್ಳಗಿನ ಕಲೆ ಬೀಳುತ್ತದೆ, ಆಮೇಲೆ ಬಟ್ಟೆಯನ್ನೇ ಬದಲಾಯಿಸಬೇಕಾಗುತ್ತದೆ.

ಪ್ಯಾಡ್ ಬಿಚ್ಚಿದ ಮೇಲೆ ಸೀಳಿದ ಗೂಡಿನ ಫೋಟೊ ಕಳಿಸುತ್ತೇವೆ, ತೆಗೆದ ಹಳೆ ಕ್ಲಿಪ್‌ಗಳನ್ನು ಬಿಲ್ಲಿನ ಜೊತೆ ನಿಮ್ಮ ಕೈಗೇ ಕೊಡುತ್ತೇವೆ. ನಾವು ಕೂರಿಸಿದ ಪ್ಯಾಡ್ ಮತ್ತೆ ಸದ್ದು ಮಾಡಿದರೆ ಫೋನ್ ಕೂಡ ಮಾಡಬೇಕಿಲ್ಲ, ನೇರವಾಗಿ ಗಾಡಿ ತನ್ನಿ. ಮಜೂರಿ ಕೇಳುವುದಿಲ್ಲ.

ಇಂತಿ,
ನಿಮ್ಮ ವರ್ಕ್‌ಶಾಪಿನ ಎಲ್ಲರೂ