ಬ್ಲಾಗಿನ ಅಪ್‌ಡೇಟ್ ಮುಂದೂಡಬೇಡಿ

ಮಾನ್ಯ ಸಂಪಾದಕರೇ,

ಬರೆಯುವ ಗೆಳೆಯರ ಕೆಲವು ಬ್ಲಾಗುಗಳನ್ನು ನಾನು ನೋಡಿಕೊಳ್ಳುತ್ತೇನೆ. ಅವು ನಡೆಯುವುದು ವರ್ಡ್‌ಪ್ರೆಸ್ ಎಂಬ ಬ್ಲಾಗ್ ತಂತ್ರಾಂಶದಲ್ಲಿ. ಲಾಗಿನ್ ಆದ ಕೂಡಲೇ ಕಾಣುವುದು ಬಾಕಿ ಉಳಿದ ಅಪ್‌ಡೇಟ್‌ಗಳ ಸಾಲು. ‘ಚೆನ್ನಾಗೇ ನಡೀತಿದೆಯಲ್ಲ, ಸುಮ್ನೆ ಯಾಕೆ ಮುಟ್ಟೋದು?’ ಅಂತಾರೆ. ಈ ಮಾತು ಕೇಳಿದರೆ ನನಗೆ ಭಯವಾಗುತ್ತದೆ.

2017ರ ಜನವರಿ ಕೊನೆಯಲ್ಲಿ ವರ್ಡ್‌ಪ್ರೆಸ್ 4.7.2 ಆವೃತ್ತಿ ಬಂತು. ಅದರ ಹಿಂದಿನ 4.7 ಮತ್ತು 4.7.1ರಲ್ಲಿ ದೊಡ್ಡ ಲೋಪವೊಂದಿತ್ತು. ಪಾಸ್‌ವರ್ಡ್ ಇಲ್ಲದೆಯೇ ಯಾರು ಬೇಕಾದರೂ ನಿಮ್ಮ ಬರಹ ತಿದ್ದಬಹುದಿತ್ತು! ವರ್ಡ್‌ಪ್ರೆಸ್ ತಂಡದವರು ಮೊದಲು 4.7.2ರಲ್ಲಿ ಆ ಲೋಪ ಸರಿಪಡಿಸಿದರು. ಲೋಪದ ವಿವರ ಹೇಳಿದ್ದು ಸುಮಾರು ಒಂದು ವಾರದ ನಂತರ. ಅಷ್ಟರಲ್ಲಿ ಎಲ್ಲರೂ ಅಪ್‌ಡೇಟ್ ಮಾಡಿಕೊಳ್ಳಲಿ ಅಂತಲೇ ಆ ಬಿಡುವು. ಮಾಡಿಕೊಳ್ಳದವರ ಪುಟಗಳನ್ನು ಕಿಡಿಗೇಡಿಗಳು ರಾಶಿ ರಾಶಿಯಾಗಿ ಕೆಡಿಸಿದರು. ಪರಿಹಾರ ಹೊರಬಂದ ಮೇಲೆ ಹಳೆಯ ಆವೃತ್ತಿಗೆ ಅಪಾಯ ಇನ್ನೂ ಜಾಸ್ತಿ. ಎಲ್ಲಿ ತೂತಿತ್ತು ಅನ್ನುವುದು ಹೊಸ ಕೋಡ್ ನೋಡಿದವರಿಗೆ ತಿಳಿದುಬಿಡುತ್ತದೆ, ಅಲ್ವಾ?

ಸಣ್ಣ ಭದ್ರತಾ ಅಪ್‌ಡೇಟ್‌ಗಳು 2013ರ 3.7 ಆವೃತ್ತಿಯಿಂದ ತಾವಾಗಿಯೇ ಬರುತ್ತವೆ. ಆಫ್ ಮಾಡಿದ್ದರೆ ದಯವಿಟ್ಟು ಆನ್ ಮಾಡಿ. ಪ್ಲಗಿನ್‌ಗಳಿಗೂ (ತಾಣಕ್ಕೆ ಹೆಚ್ಚಿನ ಸೌಲಭ್ಯ ಸೇರಿಸುವ ಪುಟ್ಟ ತಂತ್ರಾಂಶಗಳಿಗೆ) 2020ರಿಂದ ಈ ಸೌಲಭ್ಯವಿದೆ, ಆದರೆ ಅದನ್ನು ನಾವೇ ಆನ್ ಮಾಡಬೇಕು. ಬಳಸದ ಪ್ಲಗಿನ್ ಇದ್ದರೆ ಅಳಿಸಿಯೇ ಬಿಡಿ.

ಅಪ್‌ಡೇಟ್ ಮಾಡಿದರೆ ತಾಣ ಕೆಟ್ಟೀತು ಅನ್ನುವ ಹೆದರಿಕೆ ಸುಳ್ಳಲ್ಲ. ಅದಕ್ಕೇ ಮೊದಲು ಬ್ಯಾಕಪ್ ಮಾಡಿ. ಫೈಲ್‌ಗಳು, ಡೇಟಾಬೇಸ್ ಎರಡೂ ಬೇಕು. ಬರಹಗಳೆಲ್ಲ ಇರುವುದು ಡೇಟಾಬೇಸ್‌ನಲ್ಲಿ. ಬರೀ ಫೈಲ್‌ಗಳನ್ನು ನಕಲು ಮಾಡಿಟ್ಟರೆ ಚಿತ್ರಗಳು ಉಳಿದಾವು, ಬರಹ ಉಳಿಯದು.

ದೊಡ್ಡ ಭದ್ರತಾ ಅಪ್‌ಡೇಟ್ ಬಂದಾಗ ನಿಮ್ಮ ತಂತ್ರಜ್ಞಾನ ಪುಟದಲ್ಲಿ ನಾಲ್ಕು ಸಾಲು ಹಾಕಿ ಎಂದು ಕೋರುತ್ತೇನೆ.

– ನಿಮ್ಮ ಓದುಗ