ಅವ್ವನ ಜೊತೆ ನಿಂತವರಿಗೆಲ್ಲ

ಅವ್ವನ ಕಾರ್ಯ ಮುಗಿಯಿತು. ಬಂದವರ ಜೊತೆ ಸರಿಯಾಗಿ ಎರಡು ಮಾತು ಆಡಲೂ ಆಗಲಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಚಿತೆಯ ಸೌದೆಯ ವಿಷಯ. ಆವತ್ತು ಮಳೆ ಹೊಯ್ಯುತ್ತಿತ್ತು, ನಮ್ಮ ಮನೆಯ ಸೌದೆ ಅರ್ಧ ಒದ್ದೆಯಾಗಿತ್ತು. ಕೇಳುವ ಮೊದಲೇ ಮನೆಮನೆಯಿಂದ ಒಣ ಸೌದೆ ಬಂತು. ಬೇಸಿಗೆಯಲ್ಲೇ ಕಡಿದು, ಮಳೆಗಾಲದ ಬಚ್ಚಲ ಒಲೆಗೆಂದು ಒಟ್ಟಿಟ್ಟ ಸೌದೆ ಅದು. ಆಷಾಢದಲ್ಲಿ ಅದನ್ನು ಎತ್ತಿ ಕೊಡುವುದು ಎಂದರೇನು ಅಂತ ಮಲೆನಾಡಿನವರಿಗೆ ನಾನು ಹೇಳಬೇಕಾಗಿಲ್ಲ. ಹುಡುಗರು ಕಂಬ ನೆಟ್ಟು, ತಗಡಿನ ಶೀಟು ಹೊದೆಸಿ, ಬೆಂಕಿ ಪೂರ್ತಿ ಹಿಡಿಯುವವರೆಗೆ ನೆನೆಯುತ್ತಾ ಅಲ್ಲೇ ನಿಂತಿದ್ದರು. ನಿಮ್ಮ ಋಣ ದೊಡ್ಡದು ಕಣ್ರಪ್ಪಾ.

ಆದರೆ ಈ ಋಣ ಆವತ್ತು ಶುರುವಾದದ್ದಲ್ಲ. ಅವ್ವ ಇಲ್ಲಿಗೆ ಬಂದಾಗ ಇಲ್ಲಿ ಊರೇ ಇರಲಿಲ್ಲ. 1948ರಲ್ಲಿ ಮಡೆನೂರಿನ ಹತ್ತಿರ ಶರಾವತಿಗೆ ಹಿರೇಭಾಸ್ಕರ ಅಣೆಕಟ್ಟು ಕಟ್ಟಿದ್ದರು. 1964ರ ಲಿಂಗನಮಕ್ಕಿ ಅದಕ್ಕಿಂತ ಎಷ್ಟೋ ದೊಡ್ಡದು, ಅವ್ವನ ಮನೆ, ಗದ್ದೆ, ದೇವರ ಬನ, ಕೊನೆಗೆ ಆ ಹಳೇ ಅಣೆಕಟ್ಟು ಕೂಡ ಅದರ ನೀರಿನಡಿ ಹೋಯಿತು. ಮುಳುಗಡೆಯವರನ್ನು ಲಾರಿಯಲ್ಲಿ ತುಂಬಿಕೊಂಡು ಬಂದು ಕಾಡಿನಲ್ಲಿ ಇಳಿಸಿದರು. ಅವ್ವನಿಗೆ ಆಗ ಇಪ್ಪತ್ತೂ ತುಂಬಿರಲಿಲ್ಲ, ಕಂಕುಳಲ್ಲಿ ನನ್ನ ಅಕ್ಕ. ಸೊಪ್ಪಿನ ಗುಡಿಸಲು, ಮೊದಲ ಮಳೆಗಾಲ, ಜ್ವರ. ಅಕ್ಕ ಉಳಿಯಲಿಲ್ಲ. ಅವಳ ಬಗ್ಗೆ ಅವ್ವ ಜಾಸ್ತಿ ಮಾತಾಡುತ್ತಿರಲಿಲ್ಲ.

ಮಾತಾಡುತ್ತಿದ್ದದ್ದು ಪಕ್ಕದ ಊರಿನವರ ಬಗ್ಗೆ. ಗುರುತಿಲ್ಲ ಪರಿಚಯವಿಲ್ಲ, ಆದರೂ ಬಿತ್ತನೆ ಭತ್ತ ಕೊಟ್ಟರು, ಎತ್ತು ಕೊಟ್ಟರು, ಗದ್ದೆ ಮೇಲೇಳುವವರೆಗೆ ಅಕ್ಕಿ ಸಾಲ ಕೊಟ್ಟು ಲೆಕ್ಕ ಇಡಲಿಲ್ಲ. ನಾನು ಹುಟ್ಟಿದಾಗ ರಾತ್ರಿ ಸೂಡಿ ಹಿಡಿದುಕೊಂಡು ಕಾಡುದಾರಿಯಲ್ಲಿ ಬಂದ ಸೂಲಗಿತ್ತಿ ಅಜ್ಜಿ ಆ ಊರಿನವರೇ. ಮೊನ್ನೆ ಅವ್ವನಿಗೆ ಹೆಗಲು ಕೊಟ್ಟವರಲ್ಲಿ ಅವರ ಮೊಮ್ಮಗನೂ ಇದ್ದ. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ.

ಪ್ರತಿ ಮಳೆಗಾಲ ಪೇಪರ್ ಬಂದ ಕೂಡಲೇ ಅವ್ವ ಕೇಳುತ್ತಿದ್ದದ್ದು ಒಂದೇ, "ಡ್ಯಾಮ್ ಎಷ್ಟು ತುಂಬ್ತು?" ಪೂರ್ತಿ ಮಟ್ಟ 1819 ಅಡಿ ಅಂತ ಓದು ಬಾರದ ಅವಳಿಗೆ ಬಾಯಿಪಾಠ. ಒಂದು ಬೇಸಿಗೆ ನೀರು ಇಳಿದಾಗ ನಮ್ಮ ಕೇರಿಯ ಹುಡುಗ ಜೀಪ್ ಮಾಡಿಕೊಂಡು ಅವಳನ್ನು ಮಡೆನೂರಿಗೆ ಕರೆದುಕೊಂಡು ಹೋಗಿದ್ದ. ಮೇಲೆದ್ದ ಹಳೇ ಅಣೆಕಟ್ಟನ್ನು ನೋಡಿ, ತನ್ನ ಮನೆ ಯಾವ ದಿಕ್ಕಿಗಿತ್ತು ಅಂತ ಕೈ ಮಾಡಿ ತೋರಿಸಿದಳಂತೆ. ತಮ್ಮಾ, ಡೀಸೆಲ್ ದುಡ್ಡು ಕೂಡ ನೀನು ತಗೊಳ್ಳಲಿಲ್ಲ. ಅವಳಿಗೆ ನಾನು ಕೊಡಲಾಗದ್ದನ್ನು ನೀನು ಕೊಟ್ಟೆ.

ಕೊನೆಯ ತಿಂಗಳುಗಳಲ್ಲಿ ದಿನಾ ಬಂದು ಬಿಪಿ ನೋಡಿದ ಆಶಾ ಕಾರ್ಯಕರ್ತೆ ಅಕ್ಕನಿಗೆ, ಕೆಸರಿನಲ್ಲಿ ಗಾಡಿ ಹೂತರೂ ಬೈಯದೆ ಮನೆ ಬಾಗಿಲಿಗೇ ಬಂದ 108ರ ಡ್ರೈವರ್‌ಗೆ ಕೈಮುಗಿಯುತ್ತೇನೆ. ಭೂಮಿ ಹುಣ್ಣಿಮೆಗೆ ಅವ್ವನ ಹತ್ತಿರ ಕೂತು ಗದ್ದೆಗೆ ಎಡೆ ಒಯ್ಯುವ ಭೂಮಣ್ಣಿ ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನಲ್ಲಿ ಚಿತ್ತಾರ ಬರೆಯುವುದನ್ನು ಕಲಿತ ಹೆಣ್ಣುಮಕ್ಕಳೇ, ಅವಳ ಪುಂಡಿನಾರಿನ ಕುಂಚಗಳು ಇಲ್ಲಿವೆ, ನಿಮಗೇ ಸೇರಬೇಕು. ಬಂದು ತಗೊಳ್ಳಿ.

ಅವ್ವ ಕಡಿದು, ಅಗೆದು ಗದ್ದೆ ಮಾಡಿದ ನೆಲಕ್ಕೆ ಇವತ್ತಿಗೂ ಹಕ್ಕುಪತ್ರ ಇಲ್ಲ. ಆ ಕಾಗದಕ್ಕಾಗಿ ಇಷ್ಟು ವರ್ಷ ಎಲ್ಲರ ಪರವಾಗಿ ಓಡಾಡುತ್ತಿರುವ ಹಿರಿಯರಿಗೂ ನಮಸ್ಕಾರ. ಮುಂದಿನ ಸಲ ಹೊರಟಾಗ ನನ್ನನ್ನೂ ಕರೆಯಿರಿ, ಅವ್ವನ ಜಾಗದಲ್ಲಿ ನಾನು ಬರುತ್ತೇನೆ.

ಊಟದ ದಿನ ತಂದ ದೊಡ್ಡ ಪಾತ್ರೆಗಳು, ಎರಡು ಟಾರ್ಪಾಲು, ಬೆಂಚುಗಳು ನಮ್ಮ ಮನೆಯಲ್ಲೇ ಉಳಿದಿವೆ. ಯಾರದ್ದು ಅಂತ ಹೇಳಿ, ನಾನೇ ತಂದು ಕೊಡುತ್ತೇನೆ.